ಕಡಲಾಚೆಯ ಮೊದಲ ಆಷಾಢ

"ದೂರ ನಿಂದ್ರಿ! ನನ್ನ ಟ್ರಂಕು ಮುಟ್ಟಬ್ಯಾಡ್ರಿ!"

ಮಾಣಿಕಮ್ಮ ಕೂಗಿದ ರಭಸಕ್ಕೆ ಆ ಪುಟ್ಟ ರೈಲು ನಿಲ್ದಾಣದಲ್ಲಿದ್ದ ಜಪಾನಿಗಳೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಎದುರು ನಿಂತವನು ಕರಿ ಕೋಟು ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿ, ಮೂಗಿನ ತನಕ ಮಫ್ಲರ್ ಸುತ್ತಿಕೊಂಡಿದ್ದ. ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಟ್ರಂಕಿಗೆ ಚಾಚಿದ ಕೈ ಅಲ್ಲೇ ನಿಂತುಬಿಟ್ಟಿತು.

"ಮಾಣಿಕಾ... ನಾನು."

"ನಾನು ಅಂದ್ರ ಯಾರ್ರಿ?"

"ನಿನ್ನ ಗಂಡ!"

ಅಯ್ಯೋ ಶಿವನೇ! ಭೂಮಿ ಬಾಯಿ ಬಿಟ್ಟಿದ್ದರೆ ಟ್ರಂಕಿನ ಸಮೇತ ಇಳಿದುಬಿಡುತ್ತಿದ್ದಳು. ತಾಳಿ ಕಟ್ಟಿದವನ ಗುರುತೇ ಹತ್ತಲಿಲ್ಲವಲ್ಲ!

ಆದರೆ ಅವಳದೇನು ತಪ್ಪು, ನೀವೇ ಹೇಳಿ. ಕುರಕುಂಟಾದಲ್ಲಿ ಮದುವೆಯಾದಾಗ ಅವನ ಮುಖಕ್ಕೆ ಬಾಸಿಂಗದ ಮರೆ, ಇವಳ ತಲೆ ನೆಲಕ್ಕೆ. ಕಂಡದ್ದು ಅವನ ಕಾಲ್ಬೆರಳಷ್ಟೇ. ಮನೆ ತುಂಬ ನೆಂಟರು. ರಜೆ ಮುಗಿಯಿತೆಂದು ಅವನು ಆ ವಾರವೇ ಜಪಾನಿಗೆ ಮರಳಲು ವಾಡಿಯಲ್ಲಿ ರೈಲು ಹತ್ತಿದ್ದ. ಈಗ ಗುರುತು ಹಿಡಿಯೋಣವೆಂದರೆ ಆ ಬೆರಳುಗಳೂ ಬೂಟಿನೊಳಗೆ ಸೇರಿಕೊಂಡಿದ್ದವು.

ಸೂರ್ಯಕಾಂತ ನಗು ನುಂಗುತ್ತ ಮಫ್ಲರ್ ಕೆಳಗೆಳೆದ. ಮಾಣಿಕಮ್ಮ ಮೊದಲ ಸಲ ಗಂಡನ ಮುಖವನ್ನು ಪೂರ್ತಿ ನೋಡಿದಳು. ಎದೆ ಧಸಕ್ಕೆಂದಿತು.

'ಇಷ್ಟು ಚಂದ ಅದಾರೇನು ಇವರು!'

ಮೈಸೂರು ರಾಜ್ಯ ಕರ್ನಾಟಕವಾದ ಮರುವರ್ಷದ ಮಾತಿದು. ಸೂರ್ಯಕಾಂತ ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಇಂಜಿನಿಯರ್. ಹೊಸ ಯಂತ್ರಗಳ ಕೆಲಸ ಕಲಿಯಲು ಎರಡು ವರ್ಷಕ್ಕೆಂದು ಜಪಾನಿನ ಈ ಕಡಲತೀರದ ಊರಿಗೆ ಬಂದಿದ್ದ. ಮಾಣಿಕಮ್ಮ ಚಿಂಚೋಳಿ ಪಕ್ಕದ ಚಂದಾಪುರದವಳು. ಸೇಡಂ ದಾಟಿದರೆ ಲೋಕ ಮುಗಿಯಿತು ಎಂದುಕೊಂಡಿದ್ದವಳು! ಕನ್ನಡದ ಜೊತೆ ಒಂದಿಷ್ಟು ತೆಲುಗು, ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಉರ್ದು ಅವಳಿಗೆ ಬರುತ್ತಿತ್ತು. ಇಲ್ಲಿ ಮೂರೂ ಕೆಲಸಕ್ಕೆ ಬರಲಿಲ್ಲ.

ಮನೆ ನೋಡಿ ಅವಳು ಬೆಚ್ಚಿಬಿದ್ದಳು.

"ಇದೇನ್ರಿ, ಬಾಗಿಲಿಗೆ ಕಾಗದ ಹಚ್ಚ್ಯಾರ! ಬೆಕ್ಕು ಪರಚಿದ್ರ ಮನಿ ಹೋಯ್ತಲ್ರಿ!"

ಸೂರ್ಯಕಾಂತ ಬಿದ್ದು ಬಿದ್ದು ನಕ್ಕ. ಶಹಾಬಾದ ಕಲ್ಲಿನ ನೆಲದ ಮೇಲೆ ಬೆಳೆದವಳಿಗೆ ಚಾಪೆಯದೇ ನೆಲವಿರುವ ಮನೆ ಆಟದ ಮನೆಯಂತೆ ಕಂಡಿತು. ಅವನು ನಗುವುದು ಕಂಡು ಅವಳಿಗೂ ನಗು ಬಂತು. ಗಂಡ ಹೆಂಡತಿಯ ಮೊದಲ ಮಾತುಕತೆ ಹೀಗೆ ನಗುವಿನಲ್ಲೇ ಶುರುವಾಯಿತು.

ಮರುದಿನ ಬೆಳಿಗ್ಗೆ ಹಿಮ ಬಿತ್ತು. ಹತ್ತಿ ಗಿರಣಿಯ ಅಂಗಳದಲ್ಲಿ ಹಾರಾಡುವ ಅರಳೆಯೇ ಅನ್ನಿಸಿ ಅವಳು ಸೆರಗೊಡ್ಡಿ ಹಿಡಿಯಲು ಹೋದಳು. ಸೆರಗು ಒದ್ದೆಯಾಯಿತೇ ಹೊರತು ಕೈಗೆ ಏನೂ ಸಿಗಲಿಲ್ಲ.

ಯುಗಾದಿ ಬಂತು. ಬೆಲ್ಲದ ಬದಲು ಸಕ್ಕರೆಯಾದರೂ ಇತ್ತು, ಬೇವೆಲ್ಲಿ? ಪಕ್ಕದ ಮನೆಯ ಹರುಯೆ ಅಜ್ಜಿಗೆ ಸೂರ್ಯಕಾಂತ ತನ್ನ ಅರೆಬರೆ ಜಪಾನಿಯಲ್ಲಿ ಅದು ಹೇಗೆ ತಿಳಿಸಿದನೋ, ಅಜ್ಜಿ ಹಿಮ ಕರಗಿದ ನೆಲದಿಂದ ಹಸಿರು ಮೊಗ್ಗೊಂದನ್ನು ಕಿತ್ತು ತಂದು ಕೊಟ್ಟಳು. ಬಾಯಿಗಿಟ್ಟರೆ ಅಪ್ಪಟ ಕಹಿ!

"ಇವರೂ ಹೊಸ ಋತುವಿಗೆ ಕಹಿ ತಿಂತಾರ್ರಿ!" ಎಂದು ಮಾಣಿಕಮ್ಮ ಕುಣಿದಾಡಿದಳು.

ಆಮೇಲೆ ಚೆರ್ರಿ ಗಿಡಗಳು ಹೂಬಿಟ್ಟವು. ಎಲೆಯ ಸುಳಿವಿಲ್ಲ, ಬರೀ ಹೂವು. "ನಮ್ಮ ಅಡವ್ಯಾಗ ಮುತ್ತಲ ಗಿಡನೂ ಹಿಂಗೇ ಹೂ ಬಿಡ್ತದ," ಎಂದಳು. ಆ ಸಂಜೆ ಗಿಡದ ಕೆಳಗೆ ನಡೆಯುವಾಗ ಸೂರ್ಯಕಾಂತ ಅವಳ ಕೈ ಹಿಡಿದ. ಬಿಡಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಎಲ್ಲ ಸರಿಯಾಗಿತ್ತು. ಮಳೆ ಹಿಡಿಯುವ ತನಕ!

ನಮ್ಮ ಕಡೆ ಮಳೆ ಬಂದರೆ ಗುಡುಗಿ, ಸಿಡಿದು, ಕಾಗಿಣಾ ಹೊಳೆಯನ್ನು ಕೆಂಪಾಗಿಸಿ ಹೋಗಿಬಿಡುತ್ತದೆ. ಈ ಮಳೆಗೆ ಸಿಟ್ಟೂ ಇಲ್ಲ, ಸುಸ್ತೂ ಇಲ್ಲ. ಹಗಲೂ ರಾತ್ರಿ ಸಣ್ಣಗೆ ಸುರಿಯುತ್ತಲೇ ಇತ್ತು. ಬಟ್ಟೆ ಒಣಗಲಿಲ್ಲ. ಮಾತಾಡುವವರಿಲ್ಲ. ಸೂರ್ಯಕಾಂತ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ.

ಒಂದು ದಿನ ಟ್ರಂಕು ತೆರೆದ ಮಾಣಿಕಮ್ಮನ ಜೀವ ಹಾರಿಹೋಯಿತು. ಮದುವೆಯ ಇಳಕಲ್ ಸೀರೆಗೆ ಬೂಷ್ಟು ಹಿಡಿದಿತ್ತು! ಅವ್ವ ಲಲಿತಾಬಾಯಿ ಕೈಯಾರೆ ಮಡಚಿ ಇಟ್ಟ ಸೀರೆ... ಒರೆಸಿದಳು, ತಿಕ್ಕಿದಳು, ಕಲೆ ಹೋಗಲಿಲ್ಲ. ಸಂಜೆ ಅವನು ಬಾಗಿಲು ಸರಿಸಿದ್ದೇ ತಡ, ಎದೆಯೊಳಗಿದ್ದದ್ದೆಲ್ಲ ಕಟ್ಟೆಯೊಡೆದು ಬಂತು.

"ನನಗ ತವರಿಗೆ ಕಳಿಸಿಬಿಡ್ರಿ! ಈ ಊರಾಗ ನನಗ ಉಸರು ಕಟ್ಟಲಿಕತ್ತದ!"

ಸೂರ್ಯಕಾಂತ ಸೀರೆಯನ್ನು ನೋಡಿದ, ಅವಳನ್ನು ನೋಡಿದ, ಸುಮ್ಮನೆ ಕೈಕಾಲು ತೊಳೆಯಲು ಹೋದ.

'ಹೋಗಬ್ಯಾಡ ಅಂತ ಒಂದು ಮಾತು ಅನ್ನಬಾರದೇನು?' ಅವಳ ಅಳು ಇನ್ನೂ ಹೆಚ್ಚಾಯಿತು.

ಅವನ ಮನಸ್ಸಿನಲ್ಲಿದ್ದುದೇ ಬೇರೆ. 'ಪಾಪ, ಯಾವ ಸುಖಕ್ಕ ಈಕಿನ್ನ ಇಲ್ಲಿಗೆ ತಂದೆ ನಾನು!' ಆದರೆ ಗಂಡಸರ ಮನಸ್ಸಿನ ಮಾತು ತುಟಿಯ ತನಕ ಬರಲು ವಾಡಿಯ ಗೂಡ್ಸ್ ಗಾಡಿಗಿಂತ ತಡವಾಗುತ್ತದೆ.

ಅದೇ ವಾರ ಗೋಡೆಯ ಪಂಚಾಂಗದಲ್ಲಿ ಆಷಾಢ ಕಾಲಿಟ್ಟಿತು.

ಮೊದಲ ಆಷಾಢದಲ್ಲಿ ಹೊಸ ಗಂಡ ಹೆಂಡತಿ ಜೊತೆಗಿರಬಾರದು, ಹುಡುಗಿ ತವರಿಗೆ ಹೋಗಬೇಕು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸೂರ್ಯಕಾಂತನ ತಾಯಿ ಹಣಮವ್ವ ಮಗನಿಗೂ ಸೊಸೆಗೂ ಹೊರಡುವಾಗ ಒತ್ತಿ ಒತ್ತಿ ಹೇಳಿದ್ದಳು: "ಸಮುದ್ರದ ಆಚಿಗಿದ್ರೂ ಆಷಾಢ ಆಷಾಢನೇ. ಒಂದೇ ಸೂರಿನ ಕೆಳಗ ಇರಬ್ಯಾಡ್ರಿ. ನನ್ನ ಆಣಿ ಅದ!"

ಆದರೆ ಜಪಾನಿನಲ್ಲಿ ತವರನ್ನು ಎಲ್ಲಿಂದ ತರುವುದು?

ಸೂರ್ಯಕಾಂತ ಹಾಸಿಗೆ ಸುತ್ತಿದ.

"ಆಷಾಢ ಬಂತಲ್ಲ... ನಾನೇ ಕಾರ್ಖಾನಿ ಹಾಸ್ಟೆಲ್‌ದಾಗ ಇರ್ತೀನಿ. ನೀ ಮನ್ಯಾಗ ಆರಾಮ ಇರು."

"ಆಯ್ತ್ರಿ."

ಬಾಯಿ ಆಯ್ತು ಎಂದಿತು, ಮನಸ್ಸು ಒಪ್ಪಲಿಲ್ಲ. ನಮ್ಮ ಕಡೆ ಆಷಾಢದ ಅಳಿಯಂದಿರ ಪಾಡು ಗೊತ್ತಲ್ಲ? ಎತ್ತು ನೋಡಲು ಬಂದೆ, ಬಿತ್ತನೆ ಬೀಜ ಕೇಳಲು ಬಂದೆ ಎಂದು ಏನೇನೋ ನೆಪ ಹೂಡಿ ಹೆಂಡತಿಯ ಊರಿಗೆ ಎಡತಾಕುತ್ತಾರೆ. ಇವನು ತಿರುಗಿ ಕೂಡ ನೋಡದೆ ಮಳೆಯಲ್ಲಿ ಹೊರಟೇಬಿಟ್ಟ!

'ಆಷಾಢ ಬರೀ ನೆಪ. ನಾನು ಬ್ಯಾಡಾಗೀನಿ ಇವರಿಗೆ...'

ಅಂದು ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಅನ್ನ ಮಾಡಿದ್ದಳು. ಅವನ ತಟ್ಟೆಯನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಉಣ್ಣಲು ಆಗಲಿಲ್ಲ. ಅವನಿಲ್ಲದ ಮನೆಯಲ್ಲಿ ಅವಳಿಗೆ ಒಂದು ಸತ್ಯ ಹೊಳೆಯಿತು. ಇಷ್ಟು ದಿನ ತಾನು ಚಂದಾಪುರಕ್ಕಾಗಿ ಅಳುತ್ತಿದ್ದೆ ಎಂದುಕೊಂಡಿದ್ದಳು. ಈಗ ನೋಡಿದರೆ ಕಣ್ಣು ಹುಡುಕುತ್ತಿದ್ದುದು ಅವನನ್ನೇ!

ಯಾರಿಗೆ ಹೇಳುವುದು? ಯಾವ ಭಾಷೆಯಲ್ಲಿ ಹೇಳುವುದು?

ಹರುಯೆ ಅಜ್ಜಿ ಮಾತ್ರ ಬಂದು ಹೋಗಿ ಮಾಡುತ್ತಿದ್ದಳು. ಆ ಮಳೆಗಾಲ ಅವರಿಗೆ ಉಪ್ಪಿನಕಾಯಿಯ ಕಾಲ. ಬುಟ್ಟಿ ತುಂಬ ಹುಳಿ ಕಾಯಿ ತಂದು, ತೊಟ್ಟು ತೆಗೆದು ಉಪ್ಪು ಬೆರೆಸುವುದನ್ನು ಸನ್ನೆಯಿಂದಲೇ ಕಲಿಸಿದಳು. ಥೇಟ್ ತವರಿನ ಹಿತ್ತಲಿನ ಕೆಲಸ! ಕೈ ಉಪ್ಪಿನಲ್ಲಿದ್ದಾಗಲೇ ಮಾಣಿಕಮ್ಮನ ಕಣ್ಣು ತುಂಬಿ ಬಂತು. ಅಜ್ಜಿ ಮೇಲಕ್ಕೆ ಕೈಯೆತ್ತಿ ಎತ್ತರ ತೋರಿಸಿ, 'ಗಂಡ ಎಲ್ಲಿ?' ಎಂದು ಕೇಳಿದಳು.

ಆಷಾಢವನ್ನು ಸನ್ನೆಯಲ್ಲಿ ಹೇಗೆ ಹೇಳುತ್ತೀರಿ? ಮಾಣಿಕಮ್ಮ ಎರಡು ಬೆರಳು ಜೋಡಿಸಿ ತೋರಿಸಿ, ಆಮೇಲೆ ದೂರ ಸರಿಸಿದಳು. ಅಜ್ಜಿಯ ಹುಬ್ಬು ಗಂಟಾಯಿತು. ಹೆಂಡತಿಯನ್ನು ಬಿಟ್ಟು ಓಡಿದ ಗಂಡನ ಮೇಲೆ ಅಜ್ಜಿ ಅಂದೇ ಹಲ್ಲು ಮಸೆದಿರಬೇಕು.

ಒಂದು ಮಧ್ಯಾಹ್ನ ಸೂರ್ಯಕಾಂತ ಬಂದ! ಮಾಣಿಕಮ್ಮ ಓಡಿ ಬಾಗಿಲು ಸರಿಸಿದಳು. ಅವನು ಹೊಸ್ತಿಲ ಹೊರಗೇ ನಿಂತಿದ್ದ. ಗಡ್ಡ ಬಂದಿತ್ತು, ಮುಖ ಸೊರಗಿತ್ತು.

"ಸಾಹೇಬರಿಗೆ ಹೇಳೀನಿ. ಟಿಕೆಟ್ ಸಿಗ್ತದಂತ. ಮುಂದಿನ ವಾರ ನಿನ್ನ ತವರಿಗೆ ಕಳಿಸ್ತೀನಿ."

ಅವಳು ಬೇಡ ಎನ್ನಬೇಕು, ಆದರೆ ಯಾವ ಬಾಯಿಂದ? ಕಳಿಸಿ ಎಂದು ಚೀರಿದವಳು ತಾನೇ. ಬೇಡವಾದವರ ಕಾಲು ಹಿಡಿದು ಇರುತ್ತೇನೆ ಎನ್ನುವುದಾದರೂ ಹೇಗೆ?

"ನಿಮಗ... ಅದೇ ಚಲೋ ಅನಸ್ತದೇನ್ರಿ?"

"ನಿನಗ ಯಾವುದು ಚಲೋನೋ ಅದೇ ನನಗ."

"ಆಯ್ತ್ರಿ."

ಮತ್ತೆ ಅದೇ ಹಾಳು 'ಆಯ್ತ್ರಿ'! ಅವನು ಹೋದ ಮೇಲೆ ಬಾಗಿಲ ಬಳಿ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಹೋದರೆ ಊರವರು ಏನೆಂದಾರು ಎಂಬ ಚಿಂತೆ ಅವಳಿಗಿರಲಿಲ್ಲ. ಒಮ್ಮೆ ಹೋದರೆ ಕರೆತರಲು ಇವರು ಬರುತ್ತಾರೋ ಇಲ್ಲವೋ ಎಂಬುದೊಂದೇ ಭಯ ಅವಳನ್ನು ತಿನ್ನುತ್ತಿತ್ತು.

ದಿನಗಳು ಉರುಳಿದವು. ಟ್ರಂಕು ತುಂಬಿದಳು, ಖಾಲಿ ಮಾಡಿದಳು, ಮತ್ತೆ ತುಂಬಿದಳು.

ಹೊರಡುವುದಕ್ಕೆ ಇನ್ನೆರಡೇ ದಿನವಿದೆ ಎನ್ನುವಾಗ, ಸಂಜೆ ದೀಪ ಹಚ್ಚುತ್ತಿದ್ದಂತೆ ಹೊರಗೆ ಗದ್ದಲವೋ ಗದ್ದಲ! ಹರುಯೆ ಅಜ್ಜಿಯ ಕಿರುಚಾಟ, ಯಾರನ್ನೋ ಬಡಿಯುವ ಸದ್ದು. ಮಾಣಿಕಮ್ಮ ಓಡಿ ಬಂದು ನೋಡುತ್ತಾಳೆ... ಅಜ್ಜಿ ಒಂದು ಕೈಯಲ್ಲಿ ಪೊರಕೆ ಹಿಡಿದು, ಇನ್ನೊಂದು ಕೈಯಲ್ಲಿ ಒಬ್ಬನ ಕೋಟಿನ ಕಾಲರ್ ಎಳೆದುಕೊಂಡು ಬರುತ್ತಿದ್ದಾಳೆ!

"ಅಜ್ಜಿ, ಬಿಡು! ಹೊಡಿಬ್ಯಾಡ! ನನ್ನ ಗಂಡ ಅವರು!"

ಕನ್ನಡ ತಿಳಿಯದ ಅಜ್ಜಿಗೂ ಆ ಕೂಗು ತಿಳಿಯಿತು. ಗಡ್ಡ ಬೆಳೆದ ಆ ಮುಖದ ಗುರುತೂ ಈಗ ಹತ್ತಿತು; ಕಾಲರ್ ಬಿಟ್ಟಳು. ಆದರೂ ಬಿಡದೆ, ಬೀದಿ ತುದಿಯ ಕಂಬವನ್ನೂ ಅವನನ್ನೂ ಮತ್ತೆ ಮತ್ತೆ ತೋರಿಸಿ ಸೂರ್ಯಕಾಂತನ ಮೇಲೆ ಏನೇನೋ ಹರಿಹಾಯ್ದಳು.

"ಅಜ್ಜಿ ಏನಂತಾಳ್ರಿ?"

ಸೂರ್ಯಕಾಂತ ಬಿದ್ದ ಕೊಡೆ ಎತ್ತಿಕೊಂಡು ತಲೆ ತಗ್ಗಿಸಿದ.

"ದಿನಾ ಸಂಜಿಗೆ ಆ ಕಂಬದ ಹಂತೇಕ ಯಾರೋ ನಿಂತು ಈ ಮನಿ ನೋಡ್ತಾರ, ಇವತ್ತು ಸಿಕ್ಕರು ಅಂತಾಳ."

"ದಿನಾ?... ಯಾಕ್ರಿ?"

"ನೀ ದೀಪ ಹಚ್ಚೋದು ನೋಡಿ ಹೋಗ್ತಿದ್ದೆ. ನಿನ್ನ ನೆರಳು ಆ ಕಾಗದದ ಬಾಗಿಲ ಮ್ಯಾಲೆ ಕಾಣ್ತದ. ಅಷ್ಟು ನೋಡಿದ್ರ... ನಿದ್ದಿ ಬರ್ತದ."

ಮಾಣಿಕಮ್ಮ ಆ ಕಂಬದ ಕಡೆ ನೋಡಿದಳು. ದಿನವೂ ಈ ಮಳೆಯಲ್ಲಿ! ತಾನು ಒಳಗೆ ಅಳುತ್ತಿದ್ದಾಗ ಇವರು ಹೊರಗೆ!

"ಮತ್ತ ಟಿಕೆಟ್ ಯಾಕ ತೆಗಸಿದ್ರಿ?"

"ನೀನೇ ಕಳಿಸ್ರಿ ಅಂದಿದ್ದಿಯಲ್ಲ, ಮಾಣಿಕಾ."

"ಸೀರಿ ಕೆಟ್ಟ ಸಂಕಟದಾಗ ಅಂದೆ! ಹೆಂಗಸು ಹೋಗ್ತೀನಿ ಅಂದ್ರ ಹೋಗು ಅಂತಾರೇನ್ರಿ ಯಾರರೆ? ಬ್ಯಾಡ ಅನ್ನಲಿ ಅಂತ ಕಾಯ್ದು ಕಾಯ್ದು ಸತ್ತೆ ನಾನು!"

"ನನಗೂ ಅನ್ನಬೇಕಂತ ಬಾಯಿಗೆ ಬಂದಿತ್ತು. ಆದ್ರ ನೀ ಅಳಲಿಕತ್ತಿದ್ದಿ... ನನ್ನ ಸಲುವಾಗಿ ಇಲ್ಲಿ ಕೊಳೀಬಾರದು ಅನ್ನಿಸ್ತು. ನನಗ ಭಾಳ ಕಷ್ಟ ಆಯ್ತು, ಮಾಣಿಕಾ. ನೀ ಇಲ್ಲದ ಹಾಸ್ಟೆಲ್‌ದಾಗೇ ಇರಲಿಕ್ಕಾಗವಲ್ದು. ನೀ ಇಲ್ಲದ ಊರಾಗ ಹ್ಯಾಂಗ ಇರಲಿ?"

ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು.

"ಈಗರೆ ಅನ್ರಿ. ಒಂದು ಸಲ."

"ಹೋಗಬ್ಯಾಡ, ಮಾಣಿಕಾ."

"ಹೋಗಂಗಿಲ್ರಿ. ನೀವು ನೂಕಿದ್ರೂ ಹೋಗಂಗಿಲ್ಲ!" ಸೆರಗಿನಿಂದ ಮುಖ ಒರೆಸಿಕೊಂಡಳು. "ಪೂರಾ ತೊಯ್ದೀರಿ. ಒಳಗ ಬರ್ರಿ."

ಸೂರ್ಯಕಾಂತ ಒಂದು ಹೆಜ್ಜೆ ಇಟ್ಟವನು ಹೊಸ್ತಿಲ ಬಳಿ ನಿಂತುಬಿಟ್ಟ.

"ಆಷಾಢ ಇನ್ನೂ ಮುಗಿದಿಲ್ಲ. ಅವ್ವಗ ಮಾತು ಕೊಟ್ಟೀನಿ..."

ಅಯ್ಯೋ ಈ ಗಂಡಸೇ! ಮನೆ ಎದುರಿಗಿದೆ, ಹೆಂಡತಿ ಎದುರಿಗಿದ್ದಾಳೆ, ನಡುವೆ ಕುರಕುಂಟಾದ ಹಣಮವ್ವ ನಿಂತಿದ್ದಾಳೆ. ಅತ್ತೆಯ ಆಣೆ ಮುರಿಯಲು ಮಾಣಿಕಮ್ಮನಿಗೂ ಮನಸ್ಸಿಲ್ಲ. ಅವನನ್ನು ಮಳೆಯಲ್ಲಿ ಕಳಿಸಲು ಮೊದಲೇ ಮನಸ್ಸಿಲ್ಲ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬರಿಗಾಲಲ್ಲೇ ಹೊಸ್ತಿಲು ದಾಟಿ, ಅಂಗಳಕ್ಕಿಳಿದು, ನೇರ ಅವನ ಕೊಡೆಯೊಳಗೆ ಬಂದು ನಿಂತಳು.

"ಏನ್ ಮಾಡ್ಲಿಕತ್ತಿ? ತೊಯ್ತಿ!"

"ಅತ್ತಿಯವರು ಒಂದೇ ಸೂರಿನ ಕೆಳಗ ಇರಬ್ಯಾಡ್ರಿ ಅಂದಾರ. ಛತ್ರಿ ಬಗ್ಗೆ ಏನೂ ಅಂದಿಲ್ಲ."

ಸೂರ್ಯಕಾಂತ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಆಮೇಲೆ ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕ. ಕೊಡೆಯನ್ನು ಅವಳ ಕಡೆಗೆ ವಾಲಿಸಿದ. ಅವನ ಒಂದು ಭುಜ ಮಳೆಗೆ ಉಳಿಯಿತು.

ಅತ್ತ ಹರುಯೆ ಅಜ್ಜಿ ಪೊರಕೆ ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಗತೊಡಗಿದಳು.

"ಅಜ್ಜಿ ಯಾಕ ನಗ್ತಾಳ್ರಿ?"

"ಈ ದೇಶದಾಗ ಗಂಡು ಹೆಣ್ಣು ಒಂದೇ ಛತ್ರಿಯಾಗ ನಿಂತ್ರ..." ಅವನು ತಡವರಿಸಿದ. "ಅವರ ನಡುವ ಪ್ರೀತಿ ಅದ ಅಂತ ಅರ್ಥ."

"ಖರೆನೇ ಅದಲ್ಲ!"

ಅಂದುಬಿಟ್ಟಳು. ಅಂದ ಮೇಲೆ ನಾಚಿಕೆಯಿಂದ ಅವನ ಒದ್ದೆ ಕೋಟಿನಲ್ಲಿ ಮುಖ ಮುಚ್ಚಿಕೊಂಡಳು. ಅವನ ಎದೆ ಓಡುವ ಸದ್ದು ಅವಳ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಮಾಣಿಕಾ..."

"ಹೂಂ?"

"ಹಿಂಗ ಎಷ್ಟೊತ್ತು ನಿಂದ್ರಾಕಿ?"

"ನಿಮ್ಮ ಕೈ ನೋಯೋತನ."

"ನೋಯಂಗಿಲ್ಲ."