ಬಿಡಿ ಎಂದು ಬರೆದ ಚೀಟಿ

“ಹೊಸದು ತಗೊಂಡ್ಬಿಡಿ” ಎಂದ ರಿಪೇರಿಯವ, ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಒಂದು ಗಳಿಗೆ ನೋಡಿ.

ಅವಳಿಗೆ ಅಲ್ಲಿಂದಲೇ ಅನುಮಾನ. ಹೊಲಿಗೆ ಕಾರ್ಖಾನೆಯ ಮ್ಯಾನೇಜರನೂ ಹೋದ ತಿಂಗಳು ಇದೇ ದನಿಯಲ್ಲಿ ಹೇಳಿದ್ದ: ಕೈ ನಿಧಾನವಾದವರನ್ನು ಇಟ್ಟುಕೊಳ್ಳುವುದಕ್ಕಿಂತ ಹೊಸಬರನ್ನು ತಗೊಳ್ಳೋದು ಸುಲಭ. ಹಾಗೆ ಬೀದಿಗೆ ಬಿದ್ದ ಮೂವತ್ತೊಂದು ಹೆಂಗಸರ ಹೇಳಿಕೆಗಳು ಈ ಲ್ಯಾಪ್‌ಟಾಪಿನೊಳಗಿದ್ದವು. ಕಾರ್ಮಿಕ ಸಂಘದ ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವಳೇ ಟೈಪ್ ಮಾಡಿದ್ದು. ಇನ್ನೊಂದು ಪ್ರತಿಯಿಲ್ಲ. ಶುಕ್ರವಾರ ಕಾರ್ಮಿಕ ನ್ಯಾಯಾಲಯದಲ್ಲಿ ವಿಚಾರಣೆ. ಹಿಂಡುವಷ್ಟು ಹಿಂಡಿ ಎಸೆಯುವ ಲೋಕದಲ್ಲಿ ‘ಹೊಸದು’ ಎಂಬ ಮಾತೇ ಅವಳಿಗೆ ಬೈಗುಳದಂತೆ ಕೇಳಿಸುತ್ತಿತ್ತು.

ಫೈಲುಗಳು ಬೇಕೇ ಬೇಕೆಂದರೆ ಇದೇ ಬೋರ್ಡಿಗೆ ಜೀವ ಬರಬೇಕು, ನಾಲ್ಕು ದಿನ ಹಿಡಿಯುತ್ತದೆ, ಬಿಟ್ಟು ಹೋಗಿ ಎಂದ.

“ಬಿಟ್ಟು ಹೋಗಲ್ಲ. ನನ್ನ ಕಣ್ಣೆದುರೇ ಮಾಡಿ.”

ಅವನ ಕಪಾಟಿನಲ್ಲಿ ಅದೇ ಕಾರ್ಖಾನೆಯ ಮುದ್ರೆಯಿದ್ದ ಕಂಪ್ಯೂಟರ್ ಇದ್ದುದನ್ನು ಅವಳು ಆಗಲೇ ನೋಡಿಯಾಗಿತ್ತು.

ಎರಡು ದಿನ ಬೆಳಿಗ್ಗೆ ತಂದು, ಸಂಜೆ ಶಿಶುವಿಹಾರದ ಮಗುವಿನಂತೆ ಎತ್ತಿಕೊಂಡು ಹೋದಳು. ನಡುವೆ ಸ್ಟೂಲಿನ ಮೇಲೆ ಕೂತು, ರೆಪ್ಪೆ ಬಡಿಯದೆ ಕಾವಲು. ಅವನ ಬೆರಳು ಉದ್ದ. ಬೆಸುಗೆಯ ಹೊಗೆ ಎದ್ದಾಗ ಎಡಗಣ್ಣು ಮಾತ್ರ ಕಿರಿದಾಗುತ್ತದೆ. ಇಷ್ಟನ್ನೆಲ್ಲ ನೋಡಿದ್ದು ಕಳ್ಳತನ ಹಿಡಿಯಲಿಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು.

“ನನ್ನ ಕೈ ನೋಡ್ತೀರೋ, ಮುಖ ನೋಡ್ತೀರೋ ಹೇಳ್ಬಿಡಿ” ಎಂದ ಅವನು ತಲೆಯೆತ್ತದೆ. “ಅದನ್ನಾದ್ರೂ ತೊಳ್ಕೊಂಡು ಬರ್ತೀನಿ.”

ಅವಳು ಗೋಡೆ ನೋಡಿದಳು. ಕಿವಿ ಬಿಸಿಯಾಗಿತ್ತು.

ಮನೆಯಲ್ಲಿ ಅಕ್ಕ ಬಿಟ್ಟಾಳೆಯೇ? ಕಳ್ಳನ್ನ ಕಾಯೋಕೆ ಯಾರೂ ಎರಡೆರಡು ಸಲ ತಲೆ ಬಾಚ್ಕೊಂಡು ಹೋಗಲ್ಲ ಕಣೇ ಎಂದಳು.

ಮೂರನೆಯ ಸಂಜೆ, ಬೋರ್ಡನ್ನು ತೊಳೆದಿದ್ದೇನೆ, ಒಣಗಬೇಕು, ಇವತ್ತು ಅಲ್ಲಾಡಿಸಬೇಡಿ ಎಂದು ಅವನು ಬೇಡಿಕೊಂಡ. ಒಲ್ಲದ ಮನಸ್ಸಿನಿಂದ ಬಿಟ್ಟು ಹೋದಳು.

ಬೆಳಿಗ್ಗೆ ಬಂದರೆ ಲ್ಯಾಪ್‌ಟಾಪಿನ ಕೊರಳಿಗೆ ಚೀಟಿ ತೂಗುತ್ತಿತ್ತು. ಅವನದೇ ಅಕ್ಷರ: ‘ಬಿಡಿ’. ಕಪಾಟಿನಲ್ಲಿ ಕಾರ್ಖಾನೆಯ ಕಂಪ್ಯೂಟರ್ ಇರಲಿಲ್ಲ.

“ಮ್ಯಾನೇಜರ್ ಬಂದಿದ್ನಾ?”

“ಬಂದಿದ್ದ. ತನ್ನದನ್ನ ಒಯ್ದ. ನಿಮ್ಮದರಲ್ಲಿ ಏನಿದೆ ಅಂತ ಕೇಳ್ದ.”

“ಅದಕ್ಕೇ ಬಿಡಿ ಅಂತ ಬರ್ದಿರಾ? ಮೂವತ್ತೊಂದು ಹೆಂಗಸರ ಬದುಕು ಬಿಡಿ ಅಂತ?”

ಅವನು ಚೀಟಿ ನೋಡಿದ, ಅವಳನ್ನು ನೋಡಿದ. ಹಿಂದಿನ ಕಪಾಟಿನತ್ತ ಬೊಟ್ಟು ಮಾಡಿದ. ಫ್ಯಾನಿಗೊಂದು, ರೇಡಿಯೋಗೊಂದು, ಮಿಕ್ಸಿಗೊಂದು ಚೀಟಿ. ಎಲ್ಲದರ ಮೇಲೂ ‘ಬಿಡಿ’.

“ಬಿಡಿಭಾಗ ಬೇಕು ಅಂತ ಕಣ್ರೀ. ನನ್ನ ನೆನಪಿಗೆ ಬರ್ಕೊಳ್ಳೋದು.”

ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಸಂಶಯ ಅಷ್ಟು ಬೇಗ ಸಾಯುವಂಥದಲ್ಲ. ಹಾಗಾದರೆ ಆ ಬಿಡಿಭಾಗ ಸಿಕ್ಕಿತೇ, ಎಲ್ಲಿ ಎಂದು ಕೇಳಿದಳು. ಮೇಜಿನ ಕೆಳಗಿಂದ ಅವನು ಇನ್ನೊಂದು ಲ್ಯಾಪ್‌ಟಾಪ್ ಎಳೆದ. ಅದೇ ಮಾಡೆಲ್, ಬೆನ್ನು ತೆರೆದಿತ್ತು, ಬೋರ್ಡಿನ ನಡುವೆ ಒಂದು ಚಿಪ್ ಕಿತ್ತ ಜಾಗ. ಅವನದೇ ಲ್ಯಾಪ್‌ಟಾಪ್.

ಅವನು ಅವಳದರ ಗುಂಡಿ ಒತ್ತಿದ. ಪರದೆ ಬೆಳಗಿ ಪಾಸ್‌ವರ್ಡ್ ಕೇಳಿತು. ತಕ್ಷಣ ಅವನು ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ.

“ಏನಿದೆ ಅಂದ್ರೆ ಗೊತ್ತಿಲ್ಲ ಅಂದೆ ಆ ಮ್ಯಾನೇಜರ್‌ಗೆ. ಗೊತ್ತಿಲ್ದೇ ಇರೋದೇ ಒಳ್ಳೇದು.”

ಮೂವತ್ತೊಂದು ಹೆಸರು. ಒಂದೊಂದನ್ನೂ ಎಣಿಸಿದಳು. ಎಲ್ಲವೂ ಇದ್ದವು. ಅವನ ಬೆನ್ನು ಇನ್ನೂ ಅಲುಗಿರಲಿಲ್ಲ. ಆ ಬೆನ್ನನ್ನು ಅವಳು ಮೊದಲ ಸಲ ಕಾವಲಿಲ್ಲದೆ ನೋಡಿದಳು.

ಚೀಟಿ ಬಿಚ್ಚಿ, ‘ಬಿಡಿ’ಯನ್ನು ಹೊಡೆದು ಹಾಕಿ, ಕೆಳಗೆ ‘ಬಿಡಲ್ಲ’ ಎಂದು ಬರೆದು ಅವನ ಭುಜದ ಮೇಲಿನಿಂದ ಚಾಚಿದಳು.

ಅವನು ಓದಿದ. ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

“ಇದು ಲ್ಯಾಪ್‌ಟಾಪಿಗಾ?”

“ರಿಪೇರಿಯವರು ನೀವು. ಯಾವುದಕ್ಕೆ ಅಂತ ನೀವೇ ನೋಡಿ ಹೇಳಿ.”

ಅವನು ತಿರುಗಿದ.