ಎಂಟು ಜನರ ತೂಕ

ಪಂಪುಗಳನ್ನು ತೂಗುವ ದೊಡ್ಡ ಕಾಟಾದ ಮೇಲೆ ಎಂಟು ಜನ ಒತ್ತೊತ್ತಾಗಿ ನಿಂತಿದ್ದರು. ಭಾಗ್ಯಶ್ರೀಯ ಹಿಂದೆ ಹನಮೇಶ. ಅವನ ಉಸಿರು ಅವಳ ಜಡೆಯ ಬುಡಕ್ಕೆ ತಾಗುತ್ತಿತ್ತು. ಅವಳು ಒಂದಿಂಚು ಮುಂದೆ ಸರಿಯಬಹುದಿತ್ತು. ಸರಿಯಲಿಲ್ಲ.

"ಅಳ್ಳಾಡಬ್ಯಾಡ್ರಿ ಯಾರೂ," ಎಂದರು ಕೋಚ್ ರಾಜಶೇಖರ ಸರ್. "ಉಸಿರು ಬಿಗಿ ಹಿಡೀರಿ."

"ಉಸಿರು ಬಿಟ್ರ ತೂಕ ಕಡಿಮಿ ಆಗ್ತೈತೇನೋ, ಬಿಟ್ಟು ನೋಡೂಣ್ರಿ ಸರ್," ಎಂದ ಹನಮೇಶ.

ಎಂಟೂ ಜನ ನಕ್ಕರು. ಕಾಟಾದ ಕೆಂಪು ಅಂಕಿಗಳೂ ಅವರ ಜೊತೆ ಕುಲುಕಾಡಿದವು. ನಗು ನಿಂತಿತು, ಅಂಕಿಗಳೂ ನಿಂತವು. ಮಿತಿಗಿಂತ ಒಂಬತ್ತು ಕಿಲೋ ಹೆಚ್ಚು.

ಆಮೇಲೆ ಯಾರೂ ನಗಲಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಪಂಪು ಕಾರ್ಖಾನೆಯ ಹಗ್ಗ ಜಗ್ಗಾಟದ ತಂಡ ಅದು. ನಾಲ್ಕು ಗಂಡಸರು, ನಾಲ್ಕು ಹೆಂಗಸರು. ಜಿಲ್ಲೆ ಗೆದ್ದು, ರಾಜ್ಯ ಗೆದ್ದು, ಈಗ ಥಾಯ್ಲೆಂಡಿನಲ್ಲಿ ನಡೆಯುವ ಹವ್ಯಾಸಿಗಳ ಪಂದ್ಯಕ್ಕೆ ಹೊರಟಿತ್ತು. ಅಲ್ಲಿ ನಿಯಮ ಕಟ್ಟುನಿಟ್ಟು: ಒಬ್ಬೊಬ್ಬರು ಎಷ್ಟೇ ತೂಗಲಿ, ಎಂಟು ಜನರ ಒಟ್ಟು ತೂಕ ಮಿತಿ ದಾಟುವಂತಿಲ್ಲ. ಯುಗಾದಿಯ ಹೊತ್ತಿಗೆ ಈ ತಂಡ ಮಿತಿಯೊಳಗೇ ಇತ್ತು. ಹೊರಡುವ ಸುದ್ದಿ ಹಬ್ಬಿದ್ದೇ ತಡ, ಊಟದ ಕರೆಗಳು ಶುರುವಾದವು. ದೂರ ಹೊರಟವರನ್ನು ಉಣಿಸದೆ ಕಳಿಸುವ ಪದ್ಧತಿ ಈ ಕಡೆ ಇಲ್ಲ. ಬೇಡ ಎನ್ನುವ ಪದ್ಧತಿಯಂತೂ ಇಲ್ಲವೇ ಇಲ್ಲ. ಇಂದು ಒಬ್ಬರ ಮನೆಯಲ್ಲಿ ಹೋಳಿಗೆ, ನಾಳೆ ತಂಡದ ಮೌಲಾಬಿಯ ಮನೆಯಲ್ಲಿ ಬಿರಿಯಾನಿ. ಗೋಪನಕೊಪ್ಪದಲ್ಲಿ ಭಾಗ್ಯಶ್ರೀಯ ಅಜ್ಜಿ ಗೌರಕ್ಕ ಇಡೀ ತಂಡವನ್ನು ಸಾಲಾಗಿ ಕೂಡಿಸಿ, ಹನಮೇಶನ ತಾಟಿನಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಹಾಕಿ ತುಪ್ಪ ಸುರಿದಿದ್ದಳು. "ಗಾಳ್ಯಾಗ ಹಾರಿ ಹೋಗಾಂವ ಅದೀ ತಮ್ಮಾ. ಹೊಟ್ಟಿ ಗಟ್ಟಿ ಇರಬೇಕು," ಎಂದಿದ್ದಳು.

"ನನಗ ಗೊತ್ತಿತ್ತು," ಎಂದರು ರಾಜಶೇಖರ ಸರ್. "ಜಗ್ಗಿ ಜಗ್ಗಿ ಗೆದ್ರಿ, ಉಂಡುಂಡು ಸೋತ್ರಿ. ಸಂಜಿಯೊಳಗ ಹೆಸರು, ತೂಕ ಎರಡೂ ಕಳಿಸಬೇಕು. ಆಮ್ಯಾಲ ಬದಲ್ ಮಾಡಾಕ ಬರೂದಿಲ್ಲ. ಹೆಣ್ಮಕ್ಕಳೊಳಗ ಬದಲಿ ಯಾರೂ ಇಲ್ಲ. ಗಂಡಸರೊಳಗ ಪ್ರಸಾದ ಒಬ್ಬ ಅದಾನ. ಹಗುರ ಅದಾನ."

ಎಲ್ಲರೂ ಹನಮೇಶನ ಕಡೆ ನೋಡಿದರು. ತಂಡದಲ್ಲಿ ಅವನೇ ಭಾರ. ಹಗ್ಗದ ಕೊನೆಯಲ್ಲಿ ಅದನ್ನು ಹೆಗಲಿಗೆ ಸುತ್ತಿಕೊಂಡು ನಿಲ್ಲುವವನು. ಗೆಳೆಯರ ಬಾಯಲ್ಲಿ ಅವನ ಹೆಸರು ಗೂಟ.

"ಸಂಜಿತನಕ ಟೈಮ್ ಕೊಡ್ರಿ ಸರ್," ಎಂದ ಅವನು.

"ಕೊಟ್ಟೇನಿ. ಆದ್ರ ಕಾಟಾ ನನ್ನ ಮಾತು ಕೇಳೂದಿಲ್ಲಪಾ. ಭಾಗ್ಯಶ್ರೀ, ಮ್ಯಾನೇಜರ್ ನೀನ ಅದಿ. ಹೆಸರು ನೀನ ಕಳಸು."

ಹನಮೇಶ ಅವಳನ್ನು ನೋಡಿದ. ಅವಳು ಥಟ್ಟನೆ ಅಂಕಿಗಳ ಕಡೆ ಮುಖ ತಿರುಗಿಸಿದಳು. ಕಣ್ಣಿಗೆ ಕಣ್ಣು ಕೊಟ್ಟರೆ ಎಲ್ಲ ಗೊತ್ತಾಗಿಬಿಡುತ್ತದೆ ಎಂದು ಅವಳ ಹೆದರಿಕೆ. ಅವನು ಅದನ್ನು ಬೇರೆ ಥರ ತಿಳಿದುಕೊಂಡ.

"ಬಿಡ್ರಿ ಮೇಡಂ. ಮಾರಿ ಯಾಕ ತಿರುಗಸ್ತೀರಿ? ಹಗುರ ಇದ್ದವರ ಜೊತಿ ಹೋದ್ರ ನಿಮಗೂ ಆರಾಮ," ಎಂದು ಹೊರಟೇಹೋದ.

ಭಾಗ್ಯಶ್ರೀ ಡಿಸ್ಪ್ಯಾಚ್ ವಿಭಾಗದ ತನ್ನ ಕುರ್ಚಿಗೆ ಬಂದು ಕೂತಳು. ಎದ್ದಳು. ನೀರು ಕುಡಿದು ಮತ್ತೆ ಕೂತಳು. ಫೋನಿನಲ್ಲಿ ಪ್ರವಾಸದ ಯೋಜನೆ ತೆರೆದಳು. ವಿಮಾನ, ಹೋಟೆಲು, ಅಭ್ಯಾಸದ ಮೈದಾನ, ಎಲ್ಲಿ ಅನ್ನ ಸಾರು ಸಿಗುತ್ತದೆ, ಎಲ್ಲವನ್ನೂ ಅವಳೇ ಹೊಂದಿಸಿದ್ದಳು. ಅದರಲ್ಲಿ ಕೊನೆಯ ಸಂಜೆ ಮಾತ್ರ ಖಾಲಿ. ಎಲ್ಲರನ್ನೂ ಬಜಾರಕ್ಕೆ ಅಟ್ಟಿ, ಹೊಳೆಯ ದಂಡೆಯಲ್ಲಿ, ಕನ್ನಡ ಬಾರದ ಜನರ ನಡುವೆ, ಹನಮೇಶನಿಗೆ ಹೇಳಿಬಿಡಬೇಕು ಎಂದು ಇಟ್ಟ ಸಂಜೆ ಅದು. ಇಲ್ಲಿ ಹೇಳಲು ಜಾಗವೆಲ್ಲಿ? ಗೋಪನಕೊಪ್ಪದಿಂದ ಉಣಕಲ್‌ವರೆಗೆ ಒಂದೊಂದು ಚಹಾದಂಗಡಿಯಲ್ಲೂ ಒಬ್ಬೊಬ್ಬ ಕಾಕಾ ಕೂತಿರುತ್ತಾರೆ. ಅವಳ ಮನೆಯವರು ಹತ್ತಿ ವ್ಯಾಪಾರಸ್ಥರು. ಅವನ ತಂದೆ ದುರಗಪ್ಪ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವರು. ಈ ಎರಡು ಮನೆಗಳ ಹೆಸರು ಒಂದೇ ಲಗ್ನಪತ್ರಿಕೆಯಲ್ಲಿ ಬಂದದ್ದನ್ನು ಊರು ಇನ್ನೂ ಕಂಡಿರಲಿಲ್ಲ.

ಅವನಿಲ್ಲದೆ ಆ ಸಂಜೆ ಏನು ಮಾಡುವುದು? ಪ್ರಸಾದನ ಜೊತೆ ಬಜಾರಕ್ಕೆ ಹೋಗಿ ಕೀ ಚೈನು ಕೊಳ್ಳುವುದೇ?

ಫೋನ್ ಮಾಡಿದಳು. ಸ್ವಿಚ್ ಆಫ್.

"ಯಾರಿಗೆ ಹಚ್ಚಾಕತ್ತೀಯವಾ?" ಎಂದು ಪ್ಯಾಕಿಂಗ್‌ನ ನಾಗರತ್ನಾ ಬಗ್ಗಿ ನೋಡಿದಳು. ತಂಡದಲ್ಲಿ ಹಗ್ಗದ ಮೊದಲ ಕೈ ಅವಳದು. "ಗೂಟಕ್ಕೇನು? ಅಂವ ಅರ್ಧ ದಿನ ರಜಾ ಹಾಕಿ ಉಣಕಲ್ ಕೆರಿ ಕಡೆ ಹೋದ. ಈ ಬಿಸಲಾಗ ರೇನ್‌ಕೋಟ್ ಹಾಕ್ಕೊಂಡಾನ! ಬೆವರಿಳಿಸಿ ತೂಕ ಇಳಿಸ್ತಾನಂತ. ಮೊನ್ನಿಯಿಂದ ಬರೇ ಲಿಂಬಿ ನೀರ ಮ್ಯಾಲ ಅದಾನ, ನಿನಗ ಗೊತ್ತಿಲ್ಲೇನು?"

ಭಾಗ್ಯಶ್ರೀ ಎದ್ದಳು. ಸ್ಕೂಟಿಯ ಕೀಲಿ ಆಗಲೇ ಕೈಯಲ್ಲಿತ್ತು.

ಕೆರೆಯ ಪಕ್ಕದ ರಸ್ತೆಯಲ್ಲಿ ಅವನು ಓಡುತ್ತಿದ್ದ. ಕಪ್ಪು ರೇನ್‌ಕೋಟು, ಕುತ್ತಿಗೆಯವರೆಗೆ ಗುಂಡಿ. ಅವಳು ಹಾರ್ನ್ ಹೊಡೆದಳು. ಅವನು ನಿಲ್ಲಲಿಲ್ಲ. ಅವನ ವೇಗಕ್ಕೇ ಸ್ಕೂಟಿ ಇಳಿಸಿ ಪಕ್ಕದಲ್ಲೇ ಹೊರಟಳು.

"ನಿಲ್ರಿ."

"ನಿಂತ್ರ ಬೆವರು ಆರತೈತ್ರಿ."

"ಹುಚ್ಚ ಹಿಡದೈತೇನ್ರಿ ನಿಮಗ?"

"ಪ್ರಸಾದನ ಹೆಸರು ಕಳಿಸೀರೇನು?"

"ಇಲ್ಲ."

"ಹಂಗಾರ ಓಡ್ತೀನಿ."

ನಾಲ್ಕು ಹೆಜ್ಜೆ ಓಡಿದ, ಅಷ್ಟೆ. ಕಾಲು ತೊಡರಿತು. ಕೆರೆಯ ಕಬ್ಬಿಣದ ಕಟಾಂಜನ ಹಿಡಿದು ಹಾಗೇ ಕೆಳಗೆ ಕುಸಿದ. ಅವಳು ಸ್ಕೂಟಿ ಎಲ್ಲಿ ಬಿಟ್ಟಳೋ, ಹೇಗೆ ಬಂದಳೋ, ಅವನ ರೇನ್‌ಕೋಟಿನ ಗುಂಡಿಗಳನ್ನು ಪಟಪಟನೆ ಬಿಚ್ಚಿದಳು. ಒಳಗಿನಿಂದ ಒಲೆಯ ಬಾಯಿ ತೆರೆದಂತೆ ಬಿಸಿ. ಅವನ ತುಟಿಗಳು ಒಡೆದಿದ್ದವು. ನೀರಿನ ಬಾಟಲಿ ಕೊಟ್ಟಳು. ಅವನು ಬಾಯಿ ಮುಕ್ಕಳಿಸಿ ಉಗುಳಿದ.

"ನುಂಗ್ರಿ!"

"ನುಂಗಿದ್ರ ತೂಕ ಬರತೈತಿ."

"ಹೆಣಾ ಎಷ್ಟು ತೂಗತೈತಿ ಅಂತ ಕಾಟಾದ ಮ್ಯಾಲ ನಾನ ನೋಡ್ಬೇಕೇನು?" ಅವಳು ಬಾಟಲಿ ಕಸಿದುಕೊಂಡಳು. "ಯಾಕಿಷ್ಟು ಹಟಾ? ಮುಂದಿನ ವರ್ಷ ಹೋದ್ರಾಗೂದಿಲ್ಲ?"

"ಮುಂದಿನ ವರ್ಷ ನೀವು ಇರ್ತೀರೇನ್ರಿ? ಗಂಡು ನೋಡಾಕತ್ತಾರಂತಲ್ಲ ಮನ್ಯಾಗ." ಅವನು ಕೆರೆಯ ಕಡೆ ತಿರುಗಿದ. "ಅಲ್ಲಿ ನಿಮಗೊಂದು ಮಾತು ಹೇಳೂದಿತ್ತು."

"ಅಲ್ಲಿ ಅಂದ್ರ?"

"ಥಾಯ್ಲೆಂಡ್‌ನಾಗ."

"ಯಾಕ, ಹುಬ್ಬಳ್ಯಾಗ ಬಾಯಿ ಬರೂದಿಲ್ಲೇನು?"

"ಬರತೈತ್ರಿ. ಆದ್ರ ಇಲ್ಲಿ ಹೇಳಿದ್ರ ನೀವು ಸಿಟ್ಟಾಗಿ ಸ್ಕೂಟಿ ಹತ್ತಿ ಹೋಗಿಬಿಡ್ತೀರಿ. ಅಲ್ಲಾದ್ರ ಎಲ್ಲಾರದೂ ಒಂದ ವಿಮಾನ. ಸಿಟ್ಟಿದ್ರೂ ಜೋಡಿನ ಬರಬೇಕಲ್ಲ."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಸಿಟ್ಟು. ಅವನ ಮೇಲೂ ಅಲ್ಲ, ತನ್ನ ಮೇಲೂ ಅಲ್ಲ, ಆ ಖಾಲಿ ಸಂಜೆಯ ಮೇಲೆ. ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಂಡು ಸಮುದ್ರ ದಾಟಲು ಕೂತಿದ್ದರು. ದಾಟಿ? ಹೇಳಿ? ವಿಮಾನ ಮತ್ತೆ ಇಲ್ಲಿಗೇ ತಂದು ಇಳಿಸುತ್ತಿತ್ತು. ಇದೇ ಬಿಸಿಲಿಗೆ, ಇದೇ ಕಾಕಾಗಳ ನಡುವೆ.

"ಈಗ ಹೇಳು," ಎಂದಳು. ಮರ್ಯಾದೆಯ 'ರಿ' ಎಲ್ಲೋ ಉದುರಿ ಹೋಗಿತ್ತು.

"ಇಲ್ಲೇ?" ಹನಮೇಶ ಕಣ್ಣಿನಲ್ಲೇ ತೋರಿಸಿದ. ಆಚೆ ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಬಿಳಿ ಟೋಪಿಯ ಹಿರಿಯರೊಬ್ಬರು ಕೂತು ಇವರನ್ನೇ ನೋಡುತ್ತಿದ್ದರು. "ಅವ್ರು ನಿಮ್ಮಪ್ಪಾರ ದೋಸ್ತ್ರು ಶಾಂತಯ್ಯ ಕಾಕಾ ಅಲ್ಲೇನ್ರಿ? ಗೌರಕ್ಕಜ್ಜಿ ಮನ್ಯಾಗ ಊಟಕ್ಕ ಬಂದಿದ್ರಲ್ಲ."

"ಹೌದು. ಹೇಳು."

ಅವನು ಒಣಗಿದ ತುಟಿಯ ಮೇಲೆ ನಾಲಿಗೆ ಆಡಿಸಿಕೊಂಡ.

"ಹಗ್ಗ ಹಿಡದಾಗ ಎಲ್ಲಾರೂ ಎದುರಿನ ಟೀಮ್ ನೋಡ್ತಾರ. ನಾ ಕಟ್ಟಕಡೀಗೆ ನಿಂತಿರ್ತೀನಿ, ನನ್ನ ಮುಂದ ನೀ. ನನಗ ನಿನ್ನ ಜಡಿ ಬಿಟ್ರ ಏನೂ ಕಾಣೂದಿಲ್ಲ. ಗೂಟ ಗಟ್ಟಿ ಐತಿ ಅಂತಾರ ಎಲ್ಲಾರೂ. ಗೆಲ್ಲಬೇಕಂತ ಅಲ್ಲ ನಾ ಗಟ್ಟಿ ನಿಲ್ಲೂದು. ನಾ ಜಾರಿದ್ರ ಮೊದಲ ಬೀಳಾಕಿ ನೀ."

ಕೆರೆಯ ನೀರು ಬಿಸಿಲಿಗೆ ಮಿರಮಿರ ಎನ್ನುತ್ತಿತ್ತು. ಭಾಗ್ಯಶ್ರೀ ಅವನ ಪಕ್ಕಕ್ಕೆ ಸರಿದಳು. ಬಾಟಲಿ ಅವನ ಬಾಯಿಗೆ ಹಿಡಿದಳು.

"ನುಂಗು."

"ಆಮ್ಯಾಲ?"

"ಆಮ್ಯಾಲ ಏನು? ನನಗೂ ನೀನ ಬೇಕು. ಅಲ್ಲಿ ಹೇಳೂಣಂತ ನಾನೂ ಒಂದು ಸಂಜಿ ಖಾಲಿ ಇಟ್ಟಿದ್ದೆ. ಈಗ ನುಂಗ್ತೀಯೋ ಇಲ್ಲೋ?"

ಅವನು ನುಂಗಿದ. ಗುಟುಕು ಗುಟುಕಾಗಿ, ಅವಳ ಮುಖದಿಂದ ಕಣ್ಣು ಕದಲಿಸದೆ, ಬಾಟಲಿ ಬರಿದಾಗುವವರೆಗೆ.

ರಸ್ತೆಯ ಆಚೆ ಗಿರಮಿಟ್ ಗಾಡಿಯಿತ್ತು. ಅವಳು ಅವನ ಕೈ ಹಿಡಿದೇ ರಸ್ತೆ ದಾಟಿಸಿದಳು. ಪ್ಲೇಟು ತುಂಬ ಒಗ್ಗರಣೆ ಮಂಡಕ್ಕಿ ಬಂತು, ಮೇಲೆ ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು. ಅವನು ಸುಮ್ಮನೆ ನೋಡುತ್ತ ನಿಂತ.

"ಇದನ್ನ ತಿಂದ್ರ ನಾ ಹೋಗೂದು ಮುಗೀತು," ಎಂದ ಮೆಲ್ಲಗೆ. "ವಿಮಾನದ ಒಳಗ ಹೆಂಗಿರತೈತಿ ಅಂತ ನನಗ ಇನ್ನೂ ಗೊತ್ತಿಲ್ಲ ನೋಡು."

"ಗೊತ್ತೈತಿ." ಅವಳು ಚಮಚವನ್ನು ಅವನ ಪ್ಲೇಟಿನ ಮೇಲಿಟ್ಟಳು. "ನಾ ಹೋಗ್ತೀನಿ. ನೀ ಇಲ್ಲಂತ ಬಿಡೂದಿಲ್ಲ. ಜಗ್ಗಿ ಬರ್ತೀನಿ."

"ಪ್ರಸಾದ ಜಾರಿದ್ರ?"

"ಬೀಳ್ತೀನಿ. ಎದ್ದು ಮತ್ತ ಜಗ್ತೀನಿ."

ಅವನು ಚಮಚ ಎತ್ತಿಕೊಂಡ. ಅವಳು ಫೋನ್ ತೆಗೆದಳು. "ಸರ್, ಪ್ರಸಾದನ ಹೆಸರು ಹಾಕಾಕತ್ತೇನಿ... ಹೌದ್ರಿ. ಇಲ್ಲೇ ನನ್ನ ಜೋಡಿ ಅದಾನ್ರಿ. ತಿನ್ನಾಕತ್ತಾನ." ಫೋನ್ ಇಟ್ಟು ತಿರುಗಿದರೆ ಶಾಂತಯ್ಯ ಕಾಕಾ ಗಾಡಿಯ ಹತ್ತಿರವೇ ನಿಂತಿದ್ದರು.

"ಭಾಗ್ಯಾ, ಏನಿದು? ಯಾರ ಮಗನವಾ ಇಂವ, ಕೈ ಹಿಡಕೊಂಡು ಬಂದಿ?"

ಹನಮೇಶ ಬಾಯಿ ತುಂಬ ಗಿರಮಿಟ್ ಇಟ್ಟುಕೊಂಡೇ ನಮಸ್ಕಾರ ಮಾಡಲು ಹೋಗಿ ಕೆಮ್ಮಿದ. ಅವಳು ಅವನ ಬೆನ್ನು ತಟ್ಟಿದಳು. ತಟ್ಟಿದ ಕೈ ತೆಗೆಯಲಿಲ್ಲ.

"ಹನಮೇಶ ಅಂತ್ರಿ ಕಾಕಾ. ಉಳ್ಳಾಗಡ್ಡಿ ದುರಗಪ್ಪಾರ ಮಗಾ. ಸಂಜೀಗೆ ಅಪ್ಪಾಗ ನಾನ ಹೇಳ್ತೀನಿ. ಅದಕ್ಕೂ ಮೊದಲ ನೀವ ಹೇಳಿದ್ರೂ ಅಡ್ಡಿಯಿಲ್ರಿ."

ಕಾಕಾ ಟೋಪಿ ಸರಿಮಾಡಿಕೊಂಡು ಬಿರಬಿರನೆ ನಡೆದರು. ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಗೋಪನಕೊಪ್ಪ ಮುಟ್ಟಬಹುದು. ಭಾಗ್ಯಶ್ರೀ ಗಾಡಿಯ ಕಡೆ ತಿರುಗಿದಳು. ಹನಮೇಶನ ಕಣ್ಣಲ್ಲಿ ನೀರು ತುಂಬಿತ್ತು.

"ಖಾರ ಆತೇನು?"

"ಇಲ್ಲ," ಎಂದು ಖಾಲಿ ಪ್ಲೇಟನ್ನು ಅವಳ ಮುಂದೆ ಹಿಡಿದ. "ಇನ್ನೊಂದು ಹೇಳು."