ಚಾವಿ ಇಲ್ಲದೆ ತಿರುಗಿದ ಫ್ಯಾನು

"ನಾನು ಚಾವಿ ತಿರುವಿಲ್ರಿ ಅಮ್ಮಾರ. ಆ ಕಾರಿನ ಬಾಗಲಾ ಸುದ್ದಾ ಮುಟ್ಟಿಲ್ಲ. ಆದ್ರ ಮನ್ಯಾಗ ಒಬ್ರೂ ನಂಬವಲ್ರು."

ಬೆಟಗೇರಿಯ ರೇಡಿಯೇಟರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತ ಆ ಹೆಣ್ಣುಮಗಳು ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ಹಿಂದಿನ ರಸ್ತೆಯತ್ತ ತಿರುಗಿ ನೋಡಿದಳು. ಒಳಗೆ ಕುಳಿತಿದ್ದ ಪುಂಡಲೀಕಪ್ಪ ಎದ್ದು ಸ್ಟೂಲನ್ನು ಅವಳತ್ತ ಸರಿಸಿದ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದ ಮೇಲೆ ಅವನ ಬೆಳಗುಗಳೆಲ್ಲ ಅಮೀನಬಿಯ ಈ ಅಂಗಡಿಯಲ್ಲೇ ಕಳೆಯುತ್ತಿದ್ದವು. ಗಂಡ ತೀರಿದ ಮೇಲೆ ಮೂವತ್ತು ವರ್ಷ ಸೋರುವ ರೇಡಿಯೇಟರುಗಳಿಗೆ ಬೆಸುಗೆ ಹಾಕುತ್ತಲೇ ಬಂದ ಆಕೆ, ಪೊಲೀಸರು ಕೈಚೆಲ್ಲಿದ ನಾಲ್ಕಾರು ಪ್ರಕರಣಗಳನ್ನು ಬಿಡಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಕುಂಡ್ರವಾ. ಮೊದಲಿಂದ ಹೇಳು," ಎಂದರು ಅಮೀನಬಿ.

ಅವಳ ಹೆಸರು ಕಾಂಚನಾ. ಡೋಣಿಯಲ್ಲಿ ಹುಟ್ಟಿ ಶಿಗ್ಲಿಗೆ ಸೊಸೆಯಾಗಿ ಹೋದವಳು. ಮಾವ ದ್ಯಾಮಪ್ಪ ಲಕ್ಷ್ಮೇಶ್ವರ, ಶಿರಹಟ್ಟಿ ನಡುವೆ ಮೂವತ್ತು ವರ್ಷ ಜೀಪು ಓಡಿಸಿ, ಹೋದ ದೀಪಾವಳಿಯಲ್ಲಿ ಅದನ್ನು ಮಾರಿ ಒಂದು ಹಳೆಯ ಪೆಟ್ರೋಲ್ ಕಾರು ತಂದಿದ್ದ. ಕಳೆದ ಭಾನುವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಸಂತೆಗೆ ಹೋಗಿಬಂದು, ಒಂಬತ್ತಕ್ಕೆ ಕಾರನ್ನು ಹಿಂದಿನ ಓಣಿಯ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಚಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಮಧ್ಯಾಹ್ನ ಉಂಡು ಮಲಗಿ ಎದ್ದು, ಸಂಜೆ ನಾಲ್ಕಕ್ಕೆ ಗಾಜು ತೊಳೆಯುವ ನೀರು ತುಂಬಿಸಲು ಶೆಡ್ಡಿಗೆ ಹೋದ. ಬಾಗಿಲು ತೆಗೆದು, ನಿಂತಲ್ಲಿಂದಲೇ ಕೈ ಚಾಚಿ ಬಾನೆಟ್ ಸಡಿಲಿಸಿ, ಚಾವಿಯನ್ನು ತಿರುಗಿ ಜೇಬಿಗೆ ಇಳಿಸಿದ. ರೇಡಿಯೇಟರಿನ ಹಿಂದಿನ ಫ್ಯಾನಿಗೆ ಹುಲ್ಲಿನ ಎಸಳೊಂದು ಸಿಕ್ಕಿತ್ತು. ಅದನ್ನು ಕೀಳಲು ಕೈ ಹಾಕಿದ. ಫ್ಯಾನು ತಿರುಗಿತು. ಬಲಗೈಯ ಎರಡು ಬೆರಳು ಹೋದವು.

"ನೀ ಆವಾಗ ಎಲ್ಲಿದ್ದಿ?"

"ಶೆಡ್ಡಿನ್ಯಾಗ ಇದ್ದೆರಿ. ಗಿರಣಿಯಿಂದ ಆಗಷ್ಟ ಬಂದು, ಮೆಣಸಿನಕಾಯಿ ತೊಟ್ಟು ಬಿಡಸಾಕ ಕುಂತಿದ್ದೆ. ಕಾರಿನ ಬಾಗಲಾ ನನ್ನ ಕಡೀಗೇ ತೆರದಿತ್ತು. ಇನ್ನೊಂದು ಚಾವಿ ದೇವರ ಖೋಲಿ ಮೊಳಿಗೆ ಇರ್ತೈತಿ. ಅದನ್ನ ತಂದು ನಾನs ತಿರುವಿದೆ ಅಂತ ಮಾವಾರು ಕಂಪ್ಲೇಂಟ್ ಕೊಟ್ಟಾರ. ನಾಳೆ ಮತ್ತ ಸ್ಟೇಶನ್ನಿಗೆ ಬಾ ಅಂದಾರ."

"ನಿನ್ನ ಮ್ಯಾಲೆ ಯಾಕ ಸಂಶೇ?"

ಕಾಂಚನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಹೋದ ವರ್ಷ ನಮ್ಮ ಮನಿಯವರು ಬಿಂಕದಕಟ್ಟಿ ಹತ್ರ ಜೀಪು ಗಟಾರಕ್ಕ ಇಳಿಸಿದ್ರು. ಅವಾಗಿಂದ ಮಾವಾರು ಅವರಿಗೆ ಗಾಡಿ ಮುಟ್ಟಾಕ ಕೊಟ್ಟಿಲ್ಲ. ನಲವತ್ತು ವರ್ಷದ ಮಗಗ ಒಂದು ಚಾವಿ ಕೊಡಾಕ ಆಗೂದಿಲ್ಲೇನ್ರಿ ಅಂತ ನಾನು ಜಗಳಾ ತಗದಿದ್ದೆ. ಅದಕ್ಕ."

"ಎಂಜಿನ್ ಸಪ್ಪಳಾ ಕೇಳಿಸ್ತೇನು?"

"ಇಲ್ರಿ. ಗುಂಯ್ ಅಂತ ಒಂದು ಸಪ್ಪಳ, ಆಮ್ಯಾಲೆ ಮಾವಾರು ಚೀರಿದ್ದು."

ಅಮೀನಬಿ ಬೆಸುಗೆಯ ಉರಿ ಆರಿಸಿ ಅಂಗಡಿಯ ಬಾಗಿಲು ಎಳೆದರು.

ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಿ ಮೂವರೂ ಶಿಗ್ಲಿ ಮುಟ್ಟಿದಾಗ ಬಿಸಿಲು ನೆತ್ತಿ ದಾಟಿತ್ತು. ದಾರಿಯುದ್ದಕ್ಕೂ ಪುಂಡಲೀಕಪ್ಪನ ಮನಸ್ಸು ಭಾರವಾಗಿತ್ತು. ಶೆಡ್ಡಿನಲ್ಲಿ ಇದ್ದವರು ಇಬ್ಬರೇ. ಒಬ್ಬನ ಬೆರಳು ಹೋಗಿವೆ. ಇಂಥ ದೂರು ಒಮ್ಮೆ ಸ್ಟೇಶನ್ನಿನಲ್ಲಿ ದಾಖಲಾದರೆ ಬಡ ಸೊಸೆಯ ಮಾತು ಎಷ್ಟು ದೂರ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ದ್ಯಾಮಪ್ಪ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಗಿಡ್ಡ ಆಳು, ಮಂಚದ ಅರ್ಧಕ್ಕೇ ಅವನ ಕಾಲು ಮುಗಿದಿದ್ದವು. ಬಲಗೈಗೆ ದಪ್ಪ ಬ್ಯಾಂಡೇಜು. ಎಡ ಅಂಗೈಯ ಗುಳ್ಳೆಗಳಿಗೆ ಬಿಳಿ ಮುಲಾಮು ಬಳಿದಿತ್ತು.

"ಈ ಕೈಗೆ ಏನಾತ್ರಿ?" ಅಮೀನಬಿ ಕೇಳಿದರು.

"ಬೀಳೂ ಮುಂದ ಒಳಗ ಯಾವುದೋ ಪೈಪಿಗೆ ಊರಿದ್ದೆ. ಏಪ್ರಿಲ್ ಬಿಸಲು, ತಗಡಿನ ಶೆಡ್ಡು, ಎಲ್ಲಾ ಕಾದಿತ್ತು. ಅದನ್ನ ಬಿಡ್ರಿ. ಮೂವತ್ತು ವರ್ಷ ಗಾಡಿ ಹೊಡದೀನಿ. ಎಂಜಿನ್ ತಿರಗದs ಫ್ಯಾನು ತಿರಗೂದಿಲ್ಲ. ಚಾವಿ ಹಾಕದs ಎಂಜಿನ್ ತಿರಗೂದಿಲ್ಲ. ನನ್ನ ಚಾವಿ ನನ್ನ ಕಿಸೇದಾಗ ಇತ್ತು. ಮತ್ತ್ಯಾರು ತಿರುವಿದ್ರು? ದೆವ್ವ?"

ಅವನ ಹೆಂಡತಿ ಸುಮಿತ್ರವ್ವ, ತಾನು ಉಂಡು ಮಲಗಿದ್ದಾಗಿಯೂ, ಎದ್ದಾಗ ಮೊಳೆಯ ಚಾವಿ ಮೊಳೆಯಲ್ಲೇ ಇದ್ದುದಾಗಿಯೂ ಹೇಳಿದಳು. ಮಗ ಮುತ್ತಣ್ಣ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಅಷ್ಟು ಎತ್ತರದವನು.

"ನೀವು ಎಲ್ಲಿದ್ರಿ?"

"ಮ್ಯಾಲಿನ ಖೋಲ್ಯಾಗ ಮಲಗಿದ್ದೆರಿ," ಎಂದ, ಹೆಂಡತಿಯ ಕಡೆ ನೋಡದೆ.

ಶೆಡ್ಡಿನಲ್ಲಿ ಅಮೀನಬಿ ಬಾನೆಟ್ ಎತ್ತಿಸಿ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಡ್ರೈವರ್ ಸೀಟಿನಲ್ಲಿ ಕುಳಿತರು. ಉದ್ದ ಕಾಲಿನ ಹೆಂಗಸು. ಮೊಣಕಾಲು ಸ್ಟೇರಿಂಗಿಗೆ ತಾಗದೆ ಆರಾಮವಾಗಿ ಚಾಚಿಕೊಂಡವು.

"ಭಾನುವಾರದಿಂದ ಇದರಾಗ ಯಾರರ ಕುಂತಿದ್ರೇನ್ರಿ?"

"ಯಾರೂ ಇಲ್ಲ. ಮುಟ್ಟಗೊಟ್ಟಿಲ್ಲ," ಎಂದ ಹಿಂದೆಯೇ ಎದ್ದು ಬಂದಿದ್ದ ದ್ಯಾಮಪ್ಪ.

ಹೊರಗೆ ಬಂದಾಗ ಪುಂಡಲೀಕಪ್ಪ ದನಿ ತಗ್ಗಿಸಿದ. "ಅಕ್ಕಾ, ಆ ಹುಡುಗಿ ಮಾವನ ಕಾಲಿಗೆ ಬಿದ್ದು ರಾಜಿ ಮಾಡ್ಕೊಳ್ಳೂದs ಚಲೋ. ನನಗ ಬ್ಯಾರೆ ದಾರಿ ಕಾಣವಲ್ದು."

"ಮಾಡದ ತಪ್ಪಿಗೆ ಕಾಲು ಹಿಡಿಯೂದೇನ್ರಿ?" ಎಂದರು ಅಮೀನಬಿ. "ಎಲ್ಲಾರನ್ನೂ ಶೆಡ್ಡಿಗೆ ಕರೀರಿ."

ಐದು ಗಂಟೆಗೆ ಎಲ್ಲರೂ ಸೇರಿದರು. ದ್ಯಾಮಪ್ಪ ಕುರ್ಚಿಯಲ್ಲಿ, ಸುಮಿತ್ರವ್ವ ಅವನ ಹಿಂದೆ, ಮುತ್ತಣ್ಣ ಗೋಡೆಗೆ ಒರಗಿ. ಕಾಂಚನಾ ಎಲ್ಲರಿಂದ ದೂರ, ಬಾಗಿಲ ಬಳಿ. ಅಮೀನಬಿ ಕಾರು ಚಾಲೂ ಮಾಡಿ ಕಾಲು ಗಂಟೆ ಹಾಗೇ ಓಡಲು ಬಿಟ್ಟರು. ಆಮೇಲೆ ಎಂಜಿನ್ ಬಂದ್ ಮಾಡಿ, ಚಾವಿ ಕಿತ್ತು ದ್ಯಾಮಪ್ಪನ ಜೇಬಿಗೇ ಹಾಕಿದರು.

"ಯಾರೂ ಹತ್ರ ಬರಬ್ಯಾಡ್ರಿ. ಸುಮ್ಮ ಕೇಳ್ರಿ."

ಒಂದು ನಿಮಿಷ ಏನೂ ಇಲ್ಲ. ಸುಮಿತ್ರವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ 'ಗುಂಯ್' ಎಂದು ಫ್ಯಾನು ತನ್ನಷ್ಟಕ್ಕೆ ತಾನೇ ತಿರುಗತೊಡಗಿತು. ಕಾಂಚನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಇದs ಸಪ್ಪಳ್ರಿ," ಎಂದಳು.

"ದ್ಯಾಮಪ್ಪಾರ, ನಿಮ್ಮ ಜೀಪಿನ ಫ್ಯಾನು ಎಂಜಿನ್ನಿಗೇ ಕಟ್ಟಿದ್ದು," ಎಂದರು ಅಮೀನಬಿ. "ಬೆಲ್ಟು ಎಳದ್ರ ತಿರಗತಿತ್ತು, ಎಂಜಿನ್ ನಿಂತ್ರ ನಿಲ್ತಿತ್ತು. ನೀವು ಹೇಳಿದ್ದು ಆ ಗಾಡಿಗೆ ಖರೆ. ಇದಕ್ಕ ಬೆಲ್ಟಿಲ್ಲ, ತನ್ನದs ಮೋಟರ್ ಐತಿ. ಬ್ಯಾಟರಿಯಿಂದ ಸೀದಾ ಕರೆಂಟು. ಎಂಜಿನ್ ನಿಂತ ಮ್ಯಾಲೂ ಒಳಗಿನ ನೀರು ಇನ್ನಷ್ಟು ಕಾಯ್ತೈತಿ. ಒಂದು ಮಟ್ಟಕ್ಕ ಬಂತಂದ್ರ ಫ್ಯಾನು ಚಾಲೂ. ಚಾವಿ ಎಲ್ಲೈತಿ ಅಂತ ಅದು ಕೇಳೂದಿಲ್ಲ."

ದ್ಯಾಮಪ್ಪ ತಿರುಗುತ್ತಿದ್ದ ರೆಕ್ಕೆಗಳನ್ನೇ ನೋಡಿದ. ಮೂವತ್ತು ವರ್ಷದ ತಿಳಿವಳಿಕೆ ಎರಡು ಬೆರಳು ತಿಂದಿತ್ತು.

"ಅಂದ್ರ ಯಾರದೂ ತಪ್ಪಿಲ್ಲ!" ಸುಮಿತ್ರವ್ವ ಕೈ ಮುಗಿದಳು. ಗೋಡೆಯ ಬಳಿ ಮುತ್ತಣ್ಣ ದೊಡ್ಡ ಉಸಿರು ಬಿಟ್ಟ.

"ನಿಂದರ್ರಿ," ಎಂದರು ಅಮೀನಬಿ. "ನೀರು ಕಾದ್ರ ಫ್ಯಾನು ತಿರಗತೈತಿ. ಆದ್ರ ಕಾಯ್ಸಿದ್ದು ಯಾರು? ಒಂಬತ್ತಕ್ಕ ನಿಂತ ಕಾರು ನಾಕಕ್ಕ ಆರಿರಬೇಕು. ತಗಡಿನ ಬಿಸಿಗೆ ಶೆಡ್ಡು ಕಾಯ್ತೈತಿ, ಅಂಗೈ ಗುಳ್ಳಿ ಏಳೂವಂಗ ಪೈಪು ಕಾಯೂದಿಲ್ಲ. ಆ ಕೈ ನೋಡಿದಾಗs ನನಗ ಗೊತ್ತಾತು. ಮೂರೂವರಿ ಮ್ಯಾಲೆ ಈ ಕಾರು ಹೊರಗ ಹೋಗಿ ಬಂದೈತಿ."

ಫ್ಯಾನು ನಿಂತಿತು.

"ಚಾವಿ ಮನಿ ಮೊಳಿಯಿಂದs ಹೋಗಿ ಮೊಳಿಗೇ ಬಂದೈತಿ, ಹೊರಗಿನವರಲ್ಲ. ದ್ಯಾಮಪ್ಪಾರು ಹೊಡೆಯೂದಾದ್ರ ಸೀಟು ಮುಂದ ಇರಬೇಕು. ನನ್ನಂಥ ಉದ್ದ ಕಾಲಿನಾಕಿ ಆರಾಮ ಕುಂತೆ. ಸೀಟು ಪೂರಾ ಹಿಂದ ಐತಿ. ಆಮ್ಯಾಲೆ ಅದರಾಗ ಯಾರೂ ಕುಂತಿಲ್ಲ ಅಂತ ನೀವs ಹೇಳಿದ್ರಿ. ಈ ಮನ್ಯಾಗ ಎತ್ತರದವರು ಒಬ್ಬರs."

ಮುತ್ತಣ್ಣ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಶಿರಹಟ್ಟಿ ರಸ್ತಾದಾಗ ಸುಮ್ಮ ಒಂದು ರೌಂಡು ಹೋಗಿದ್ದೆ," ಎಂದ. "ಗಾಡಿ ಹೊಡೀಬೇಕು ಅನಿಸಿತ್ತು, ಅಷ್ಟ. ನಿಲ್ಲಿಸಿ ಮನಿಗೆ ಬಂದು ಚಾವಿ ಮೊಳಿಗೆ ಹಾಕೂದ್ರಾಗ ಅಪ್ಪ ಚೀರಿದ. ನಾನs ಏನೋ ಚಾಲೂ ಬಿಟ್ಟು ಬಂದೀನಿ ಅಂದ್ಕೊಂಡೆ. ಹೇಳಾಕ ಬಾಯಿ ಬರಲಿಲ್ಲ."

ಕಾಂಚನಾ ಮೆಲ್ಲಗೆ ಹತ್ತಿರ ಬಂದಳು. ಸಿಟ್ಟಿರಲಿಲ್ಲ, ಗೊತ್ತಾಗದ್ದನ್ನು ಕೇಳುವ ದನಿ. "ಸೋಮವಾರ ನನ್ನನ್ನ ಬೈಕಿನ ಮ್ಯಾಲೆ ಕೂಡಿಸಿಕೊಂಡು ಸ್ಟೇಶನ್ನಿಗೆ ಕರಕೊಂಡು ಹೋದವರು ನೀವs ಅಲ್ಲೇನ್ರಿ? ಹೊರಗ ಮೂರು ತಾಸು ಕಾದ್ರಿ. ಹೊಳ್ಳಿ ಬರೂ ಮುಂದ 'ಖರೆ ಹೇಳು, ನೀನs ತಿರುವಿದೇನು' ಅಂತ ಕೇಳಿದ್ರಿ."

ಮುತ್ತಣ್ಣ ಗೋಡೆಯತ್ತ ಮುಖ ತಿರುಗಿಸಿದ.

ಕಂಪ್ಲೇಂಟ್ ಹಿಂತೆಗೆಯುವ ಅರ್ಜಿಯನ್ನು ಪುಂಡಲೀಕಪ್ಪನೇ ಬರೆಯಲು ಕುಳಿತ. "ಆಕಸ್ಮಿಕ ಆತು, ಯಾರದೂ ತಪ್ಪಿಲ್ಲ ಅಂತ ಬರೀರಿ," ಎಂದ ದ್ಯಾಮಪ್ಪ.

"ಹಂಗ ಬ್ಯಾಡ್ರಿ. ನನ್ನ ತಪ್ಪಿಲ್ಲ ಅಂತ ಬರೀರಿ," ಎಂದಳು ಕಾಂಚನಾ. "ಯಾರು ಕಾರು ಒಯ್ದಿದ್ರು ಅನ್ನೂದನ್ನೂ ಬರೀರಿ. ಊರಾಗ ಎಲ್ಲಾರೂ ನನ್ನs ನೋಡ್ತಾರ."

ದ್ಯಾಮಪ್ಪ ನೆಲ ನೋಡಿದ. ಸೊಸೆಯ ಮಾತು ನ್ಯಾಯವೆಂದು ಅವನ ಮುಖವೇ ಹೇಳುತ್ತಿತ್ತು. ಆದರೂ ತಲೆ ಅಲ್ಲಾಡಿಸಿದ. "ಮಗನ ಹೆಸರು ಸ್ಟೇಶನ್ನಿನ ಕಾಗದದಾಗ ಬಂದ್ರ ನಾನು ಹೆಬ್ಬಟ್ಟು ಒತ್ತೂದಿಲ್ಲವಾ. ನನ್ನ ಕೈಲೆ ಆಗೂದಿಲ್ಲ."

ಪುಂಡಲೀಕಪ್ಪನ ಪೆನ್ನು ನಿಂತಿತು. ಅವನು ಅಮೀನಬಿಯನ್ನು ನೋಡಿದ. ಆಕೆ ಬೆಸುಗೆಯ ಕಲೆಗಳಿದ್ದ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಹೆಬ್ಬಟ್ಟು ಬೀಳದಿದ್ದರೆ ನಾಳೆ ಸ್ಟೇಶನ್ನಿನ ಮೆಟ್ಟಿಲು ಹತ್ತಬೇಕಾದವಳು ಕಾಂಚನಾಳೇ.

"ಅವರಂದಂಗ ಬರೀರಿ," ಎಂದು ಅವಳು ಒಳಗೆ ಹೋದಳು.

ಕೊನೆಯ ಬಿಸಿಲಿರುವಾಗಲೇ ಬಸ್ಸು ಬಂತು. ಅಮೀನಬಿ ಮತ್ತು ಪುಂಡಲೀಕಪ್ಪ ಹತ್ತಿ ಕುಳಿತ ಮೇಲೆ ಕಾಂಚನಾ ಒಂದು ಬಟ್ಟೆಯ ಚೀಲ ಹಿಡಿದು ಹತ್ತಿದಳು. ಕೆಳಗೆ ಮುತ್ತಣ್ಣ ಕಿಟಕಿಯ ಬಳಿ ಬಂದು ನಿಂತ. ಬಸ್ಸು ಹೊರಟಿತು.

"ಡೋಣಿಗೇನವಾ?" ಅಮೀನಬಿ ಕೇಳಿದರು.

"ಹೂಂನ್ರಿ. ತಮ್ಮ ಅದಾನ. ಎಷ್ಟು ದಿನ ಇಟ್ಕೋತಾನೋ ಗೊತ್ತಿಲ್ಲ."

ಎಲ್ಲವನ್ನೂ ಬಿಡಿಸಿ ಹೇಳಿದ ಅಮೀನಬಿ ಮುಖ ತಿರುಗಿಸಿ ಹೊಲಗಳನ್ನು ನೋಡತೊಡಗಿದರು. ಪುಂಡಲೀಕಪ್ಪ ಸರಿದು ಕುಳಿತು, ಕಾಂಚನಾಳ ಚೀಲಕ್ಕೆ ಜಾಗ ಮಾಡಿಕೊಟ್ಟ.